ಕೈಕುಲುಕಿದ ಚಿತ್ರವನ್ನು ಗೋಡೆಯಿಂದ ಇಳಿಸಿ

ವಿಶ್ವವಿದ್ಯಾಲಯದ ಉದ್ಯೋಗ ಮಾರ್ಗದರ್ಶನ ಕೇಂದ್ರದ ಮಾನ್ಯ ನಿರ್ದೇಶಕರೇ,

ನಿಮ್ಮ ಕೇಂದ್ರದ ಬಾಗಿಲ ಪಕ್ಕದ ಆಳೆತ್ತರದ ಚಿತ್ರದಲ್ಲಿ ನಾನು ನಗುತ್ತ ನಿಂತಿದ್ದೇನೆ. ಕೆಳಗೆ ದಪ್ಪಕ್ಷರದಲ್ಲಿ 'ಓದು ಮುಗಿಯಿತು, ಕೆಲಸ ಸಿಕ್ಕಿತು' ಎಂದು ಬರೆಸಿದ್ದೀರಿ. ಓದು ಮುಗಿದದ್ದು ನಿಜ. ಉಳಿದರ್ಧ ಹಸಿ ಸುಳ್ಳು. ಅದನ್ನು ಇಳಿಸಿ ಎಂದು ಕೇಳಲು ಬಂದಾಗಲೆಲ್ಲ ನಿಮ್ಮ ಸಹಾಯಕಿ "ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ" ಎಂದು ಸಾಗಹಾಕಿದರು. ಮುಚ್ಚಿದ ಬಾಗಿಲಿಗೆ ಮಾತಾಡಿ ಸಾಕಾಗಿದೆ. ಇನ್ನು ಈ ಬಹಿರಂಗ ಪತ್ರವನ್ನು ನಾಲ್ಕು ಜನ ಓದಲಿ.

ಆ ಚಿತ್ರ ಹುಟ್ಟಿದ್ದು ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ನೀವು ನಡೆಸಿದ ಅಣಕು ಸಂದರ್ಶನದಲ್ಲಿ. ನಿಮ್ಮದು ಕಂಪನಿಯ ಯಜಮಾನರ ಪಾತ್ರ, ನನ್ನದು ಅಭ್ಯರ್ಥಿಯದು. ಕೋಟು ರೂಮಿನ ಗೆಳತಿಯದು. ತೋಳು ಉದ್ದವಾಯಿತೆಂದು ಒಳಗೆ ಮಡಚಿ ಪಿನ್ನು ಚುಚ್ಚಿಕೊಂಡಿದ್ದೆ. ನೀರಿನ ಶುದ್ಧೀಕರಣ ನಾನು ಓದಿದ ವಿಷಯ. ಅದರ ಮೇಲೆ ಒಂದಷ್ಟು ಪ್ರಶ್ನೆ ಕೇಳಿ, "ನಿಮ್ಮನ್ನು ಆಯ್ಕೆ ಮಾಡಿದ್ದೇವೆ" ಎಂದು ಎದ್ದು ಕೈ ಚಾಚಿದಿರಿ. ಹಿರಿಯರು ಕೈ ಚಾಚಿದರೆ ಮುಖ ಗಂಟಿಕ್ಕಿಕೊಳ್ಳಲು ನನ್ನ ಮನೆಯಲ್ಲಿ ಯಾರೂ ಕಲಿಸಿರಲಿಲ್ಲ. ನಕ್ಕೆ. ಫೋಟೋದವನು ಕ್ಲಿಕ್ಕಿಸಿದ. ಈ ಪರದೇಶದಲ್ಲಿ ನನ್ನ ಓದಿಗೆ ತಕ್ಕ ಕೆಲಸವೆಂದು ಸಿಕ್ಕಿದ್ದು ಅದೊಂದೇ, ನೀವು ಸುಳ್ಳುಸುಳ್ಳೇ ಕೊಟ್ಟದ್ದು.

ನಿಜವಾದ ಕಂಪನಿಗಳಲ್ಲಿ ಒಂದೇ ಪ್ರಶ್ನೆ: "ಈ ದೇಶದಲ್ಲಿ ಕೆಲಸ ಮಾಡಿದ ಅನುಭವ ಇದೆಯೇ?" ಕೆಲಸವನ್ನೇ ಕೊಡದಿದ್ದರೆ ಅನುಭವವನ್ನು ಎಲ್ಲಿಂದ ಕಡ ತರಲಿ? ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂದು ಗಾದೆ ಕಟ್ಟಿದವರು ಇಂಥ ಕಡೆಯೇ ಕೆಲಸ ಹುಡುಕಿರಬೇಕು. ಈಗ ಗುತ್ತಿಗೆದಾರರೊಬ್ಬರ ಕೈಕೆಳಗೆ ನಿಮ್ಮದೇ ಕಟ್ಟಡದ ನೆಲ ಒರೆಸುತ್ತೇನೆ. ಅದಕ್ಕೆ ನಾಚಿಕೆಯಿಲ್ಲ, ಅದೇ ಅನ್ನ ಹಾಕುತ್ತಿದೆ. ಮೈ ಉರಿಯುವುದು ಬೇರೆ ಕಾರಣಕ್ಕೆ. ನಿಮ್ಮ ವಾರ್ಷಿಕ ವರದಿಯಲ್ಲಿ ನಾನು 'ಸ್ವಂತ ಕ್ಷೇತ್ರದಲ್ಲಿ ಉದ್ಯೋಗಸ್ಥೆ'ಯಂತೆ! ಬಕೆಟ್ಟಿನಲ್ಲಿರುವುದೂ ನೀರೇ ಎಂಬ ತರ್ಕವೇ, ಮಾನ್ಯರೇ?

ನಿಮ್ಮ ಜಾಲತಾಣದಲ್ಲಿ ಆ ಚಿತ್ರ ಕಂಡ ಅಮ್ಮ ಫೋನ್ ಮಾಡಿದಳು. "ನಿಮ್ ಸಾಹೇಬ್ರ ಮುಖ ನೋಡಿದ್ರೇ ಗೊತ್ತಾಗುತ್ತೆ ಕಣೇ, ದೇವರಂಥ ಮನುಷ್ಯ." ಅವರು ಸಾಹೇಬರಲ್ಲ, ಸಾಹೇಬರ ವೇಷದವರು ಎಂದು ಬಿಡಿಸಿ ಹೇಳುವಷ್ಟರಲ್ಲಿ ತಂಗಿ ಫೋನ್ ಕಸಿದುಕೊಂಡಳು. ಅವಳು ಓದಲು ನಿಮ್ಮ ವಿಶ್ವವಿದ್ಯಾಲಯಕ್ಕೇ ಅರ್ಜಿ ಹಾಕಿದ್ದಾಳೆ. ಊರಿನ ಪ್ರಯೋಗಾಲಯದಲ್ಲಿ ಕಷ್ಟಪಟ್ಟು ಗಿಟ್ಟಿಸಿಕೊಂಡ ಕೆಲಸವನ್ನು ಬಿಟ್ಟು ಬರಲು ಸಿದ್ಧಳಾಗಿದ್ದಾಳೆ.

"ಬರ್ಬೇಡ್ವೇ, ನಾನಿಲ್ಲಿ ನೆಲ ಒರೆಸ್ತಿದೀನಿ" ಎಂದು ಸಮವಸ್ತ್ರದಲ್ಲಿರುವ ಫೋಟೋ ಕಳಿಸಿದೆ.

"ಯಾರದ್ದೋ ಬಟ್ಟೆ ಹಾಕ್ಕೊಂಡು ನಾಟಕ ಆಡ್ಬೇಡಕ್ಕಾ. ನೀನು ಮಾತ್ರ ಉದ್ಧಾರ ಆಗ್ಬೇಕು, ನಾನು ಇಲ್ಲೇ ಕೊಳೀಬೇಕು, ಅಷ್ಟೇ ತಾನೇ?"

ಅಂದಿನಿಂದ ಅವಳು ನನ್ನ ಕರೆ ಎತ್ತುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಕ್ಕನಿಗಿಂತ ನಿಮ್ಮ ಗೋಡೆ ಅವಳಿಗೆ ನಂಬಿಗಸ್ತವಾಯಿತು. ನನ್ನ ಹಣೆಬರಹಕ್ಕೆ ನಿಮ್ಮನ್ನು ಹೊಣೆ ಮಾಡುವುದಿಲ್ಲ. ಆದರೆ ಇದೊಂದಕ್ಕೆ ಈ ಜನ್ಮದಲ್ಲಿ ನಿಮ್ಮನ್ನು ಕ್ಷಮಿಸಲಾರೆ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಚಿತ್ರ ಇಳಿಯಬೇಕು. ಅದರಲ್ಲಿರುವ ಯಜಮಾನ ನೀವೇ, ಅಲ್ಲಿ ಯಾವ ಕೆಲಸವೂ ಇರಲಿಲ್ಲ ಎಂದು ನೀವೇ ಸಹಿ ಹಾಕಿ ನನ್ನ ತಂಗಿಗೆ ಬರೆಯಬೇಕು. ಹೊಸ ಅರ್ಜಿದಾರರನ್ನು ಸ್ವಾಗತಿಸುವ ದಿನದೊಳಗೆ ಇದಾಗಬೇಕು. ನಿಮ್ಮ ಕೇಂದ್ರದ ಬಾಗಿಲೆದುರೇ ನಡೆಯುವ ಅಂದಿನ ಸಮಾರಂಭ ಹೊರದೇಶದವರಿಗೆ ನೇರಪ್ರಸಾರವಾಗುತ್ತದಲ್ಲ? ಅವಳೂ ನೋಡಲು ಹೆಸರು ಕೊಟ್ಟಿದ್ದಾಳೆಂದು ಅಮ್ಮ ಹೇಳಿದಳು.

ಆಗದಿದ್ದರೆ? ಅಂದು ನಿಮ್ಮ ಕಾರಿಡಾರಿನ ಪಾಳಿ ನನಗೇ ಬೇಕೆಂದು ಮೇಲ್ವಿಚಾರಕರನ್ನು ಕೇಳಿಕೊಂಡಿದ್ದೇನೆ. "ಅಲ್ಯಾಕಮ್ಮಾ, ಸಿಕ್ಕಾಪಟ್ಟೆ ಜನ ಇರ್ತಾರೆ" ಎಂದರು. "ಅದಕ್ಕೇ ಸಾರ್" ಎಂದೆ. ಕ್ಯಾಮೆರಾ ನಿಮ್ಮತ್ತ ತಿರುಗಿದಾಗ ಬಕೆಟ್ಟನ್ನು ಚಿತ್ರದ ಕೆಳಗಿಟ್ಟು ಬಂದು ಕೈ ಚಾಚುತ್ತೇನೆ. ಅಷ್ಟು ಜನರೆದುರು ಕುಲುಕದೆ ನಿಮಗೆ ಗತಿಯಿಲ್ಲ. ಕೈಗವಸು ಒದ್ದೆಯಾಗಿರುತ್ತದೆ. ನನ್ನ ತಂಗಿ ನೋಡುತ್ತಿರುತ್ತಾಳೆ. ಈ ಸಲ ನಗುವ ಸರದಿ ನಿಮ್ಮದು.

ಇಂತಿ,
ನೀವು ಕೈಯಾರೆ ಆಯ್ಕೆ ಮಾಡಿದ ಅಭ್ಯರ್ಥಿ