ಆಡಿನ ಹೆಸರಿನ ಆಮ್ಲ

ಗುರುವಾರ, ನವೆಂಬರ್ ೧೪

ವಾಸನೆ ಇನ್ನೂ ಹೋಗಿಲ್ಲ. ಮಧ್ಯಾಹ್ನ ಪ್ರಯೋಗಾಲಯದಲ್ಲಿ ಕ್ಯಾಪ್ರೋಯಿಕ್ ಆಮ್ಲದ ಬಾಟಲಿ ಸೋರಿ ಕೋಟಿನ ತೋಳೆಲ್ಲ ನೆನೆಯಿತು. ಕೋಟನ್ನು ಅಲ್ಲೇ ಬಿಟ್ಟು, ಸೋಪು ಹಾಕಿ ತಿಕ್ಕಿ ತಿಕ್ಕಿ ಕೈ ಕೆಂಪಾಯಿತು. ಆದರೂ ಬಸ್ಸಿನಲ್ಲಿ ಪಕ್ಕದ ಹೆಂಗಸು ಮೂಗು ಮುಚ್ಚಿಕೊಂಡು ಎದ್ದು ಹೋದಳು. ಅದನ್ನು ಹೇಗೋ ನುಂಗಿಕೊಂಡೆ.

ಮಗಳ ಮಾತನ್ನು ನುಂಗಲಾಗಲಿಲ್ಲ. ಹಾಸಿಗೆ ಹಾಸುವಾಗ ದೂರ ಸರಿದು, "ಅಮ್ಮಾ, ಆಡಿನ ತರ ನಾರ್ತಿದೀಯ. ನಾನು ಅಜ್ಜಿ ಹತ್ರ ಮಲಗ್ತೀನಿ" ಅಂದಳು. ದಿನದ ದಣಿವೆಲ್ಲ ನಾಲಿಗೆಗೆ ಬಂತು. "ಈ ವಾಸನೆಯಿಂದ್ಲೇ ನಿನ್ನ ಹೊಟ್ಟೆ ತುಂಬ್ತಿರೋದು, ಬಾಯ್ಮುಚ್ಚು!" ಅಂದುಬಿಟ್ಟೆ. ಅಳುತ್ತ ಅಜ್ಜಿಯ ಕೋಣೆಗೆ ಓಡಿದಳು.

ಆಮೇಲೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯ ಕೆಮಿಸ್ಟ್ ಹೇಳಿದ್ದು ನೆನಪಾಯಿತು. ಲ್ಯಾಟಿನ್‌ನಲ್ಲಿ 'ಕಾಪ್ರಾ' ಎಂದರೆ ಆಡು. ಆಡಿನ ಹಾಲಿನ ಕೊಬ್ಬಿನಲ್ಲಿ ಈ ಆಮ್ಲವಿದೆ, ಹೆಸರೂ ಆಡಿನಿಂದಲೇ ಬಂದದ್ದು. ದಿನಾ ಲೇಬಲ್ ಮೇಲೆ ಬರೆಯುವ ನಾನೇ ಅದನ್ನು ಮರೆತಿದ್ದೆ.

ಹೋಗಿ ಮಗಳಿಗೆ ಹೇಳಿದೆ. ಕಣ್ಣೊರೆಸಿಕೊಂಡು ಕೇಳಿದಳು, "ಹಾಗಾದ್ರೆ ನಾನ್ ಹೇಳಿದ್ದು ಸರಿನಾ?"

"ಸರಿನೇ."

"ಮತ್ಯಾಕೆ ಬೈದೆ?"

ಅತ್ತೆ ಗೋಡೆಯ ಕಡೆ ತಿರುಗಿ ನಕ್ಕರು. "ಸುಸ್ತಾಗಿತ್ತು ಕಣೇ" ಅಂದೆ.

ಸ್ವಲ್ಪ ಹೊತ್ತಿಗೆ ತಾನಾಗಿಯೇ ಬಂದು, ಮೂಗು ಹಿಡಿದುಕೊಂಡೇ ನನ್ನ ಪಕ್ಕ ಮಲಗಿದಳು. ಈಗ ನಿದ್ದೆಯಲ್ಲಿ ಆ ಕೈ ಜಾರಿ ನನ್ನ ತೋಳಿನ ಮೇಲೆ ಬಿದ್ದಿದೆ. ದೀಪ ಆರಿಸಲು ಏಳಬೇಕು, ಎದ್ದರೆ ಅವಳಿಗೆ ಎಚ್ಚರವಾಗುತ್ತದೆ.