ಹೇಮಶ್ರೀ ಮೇಷ್ಟ್ರಿಗೆ ಎದುರಾಡಿದಳು

ಮಗ ಶಂಭುಲಿಂಗನಿಗೆ ಆಶೀರ್ವಾದ.

ಕೂಟಗಲ್ಲಿನಲ್ಲಿ ನಲವತ್ತು ವರ್ಷ ರೇಷ್ಮೆ ಹುಳು ಸಾಕಿದವಳು, ಮನೆಗೆ ಹಿರಿಯಳು, ನಿನ್ನ ತಾಯಿ ಬಸಮ್ಮ ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ವಾದ ಮಾಡುತ್ತೀಯ. ನಿನ್ನ ಮಗಳು ಹೇಮಶ್ರೀಗೆ ಇಲ್ಲಿ ಎಂ.ಎಸ್ಸಿ.ಗೆ ನೇರ ಸೀಟು ಸಿಗಲಿಲ್ಲ, ಒಂದು ವರ್ಷ ತಯಾರಿ ತರಗತಿಯಲ್ಲಿ ಕೂರುವುದು ನಪಾಸಾದಂತೆಯೇ, ಕರೆದುಕೊಂಡು ಬಾ ಎಂದು ನನ್ನನ್ನು ಕಳಿಸಿದೆ.

ನಿನ್ನೆ ಮನೆಯವರನ್ನೂ ತರಗತಿಯಲ್ಲಿ ಕೂರಲು ಬಿಟ್ಟರು. ತಲೆಯೆತ್ತಿ, ಸೊಪ್ಪು ಮುಟ್ಟದೆ ನಿಂತ ಹುಳುಗಳ ಚಿತ್ರ ತೋರಿಸಿ ಮೇಷ್ಟ್ರು ಇವಕ್ಕೆ ರೋಗ ಅಂದರು. ಎಲ್ಲರೂ ಬರೆದುಕೊಂಡರು. ಹೇಮಶ್ರೀ ಎದ್ದು, ರೋಗವಲ್ಲ, ಪೊರೆ ಕಳಚುತ್ತಿವೆ, ನಾಳೆ ಎರಡರಷ್ಟು ತಿನ್ನುತ್ತವೆ ಎಂದಳು. ಅಲ್ಲಿನ ಇಂಗ್ಲಿಷ್ ಮಾತನ್ನೆಲ್ಲ ಆಮೇಲೆ ಅವಳೇ ನನಗೆ ಬಿಡಿಸಿ ಹೇಳಿದಳು. ಮೇಷ್ಟ್ರು ಬೇಕೆಂದೇ ತಪ್ಪು ಹೇಳಿದ್ದರಂತೆ. ನಕ್ಕು, ಅವಳು ನಮ್ಮ ಹುಳುಮನೆಯಲ್ಲಿ ಕಲಿತ ಆ ಮಾತನ್ನೇ ಬೋರ್ಡಿನ ಮೇಲೆ ಬರೆದರು.

“ಮೇಷ್ಟ್ರಿಗೇ ಎದುರಾಡ್ತೀಯೇನೆ?” ಅಂದೆ.

“ಇಲ್ಲಿ ಸುಮ್ಕೆ ತಲೆ ಆಡಿಸಿದ್ರೆ ಮಾರ್ಕ್ಸ್ ಕೊಡಾಕಿಲ್ಲ ಕಣಜ್ಜಿ. ತಪ್ಪು ಕಂಡ್ರೆ ಎದ್ದು ಹೇಳಾದ್ನ ಕಲ್ಸಾಕೇ ಈ ಒಂದ್ ವರ್ಷ,” ಅಂದಳು.

ನನ್ನ ಮೊಣಕಾಲು ಚೆನ್ನಾಗಿದೆ. ಉಳಿದ ರಾಗಿಹಿಟ್ಟು ಅವಳಿಗೆ ಬಿಡುತ್ತೇನೆ. ಮುಂದಿನ ತಿಂಗಳು ಹತ್ತಕ್ಕೆ ವಿಮಾನ ನಿಲ್ದಾಣಕ್ಕೆ ಬಾ, ನಾನೊಬ್ಬಳೇ ಬರುತ್ತೇನೆ. ಅವಳ ಟಿಕೆಟ್ಟನ್ನು ಇವತ್ತು ಬೆಳಿಗ್ಗೆ ರದ್ದು ಮಾಡಿಸಿದೆ.