ಸೋಮವಾರದ ಮೀಟಿಂಗ್

ಶಿಕಾರಿಪುರ
18 ಜೂನ್ 2025, ಬುಧವಾರ

ಪ್ರೀತಿಯ ನಯನಾ,
(ಇನ್ನೂ ಪ್ರೀತಿಯ ಅಂತಲೇ ಬರೆದಿದ್ದೇನೆ, ಗಮನಿಸು.)

ಫೋನಿನಲ್ಲಿ ನಾನು ಕೂಗಾಡುತ್ತೇನೆ, ನೀನು ಕಟ್ ಮಾಡುತ್ತೀ. ಅದಕ್ಕೇ ಕಾಗದ. ಭಾನುವಾರ ನೀನು ಬಂದು ಹೋದಾಗಿನಿಂದ ನನ್ನ ಒಂದು ಕೆಲಸವೂ ನೆಟ್ಟಗಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಉಂಡ ಮೇಲೂ ತಿಳಿಯುವುದಿಲ್ಲ.

ನೀನೇ ಯೋಚಿಸು. ನಿನ್ನ ರೂಮ್‌ಮೇಟ್ ಎಂದುಕೊಂಡು ನೀಲಾಂಬಿಕಳಿಗೆ ಹಬ್ಬಹಬ್ಬಕ್ಕೂ ಹೋಳಿಗೆ ಕಟ್ಟಿ ಕಳಿಸಿದವಳು ನಾನು. ಹುಡುಗಿ ಚೆನ್ನಾಗಿದ್ದಾಳೆ, ನಿನ್ನಂತೆ ಅವಳೂ ಟೀಚರ್, ನನ್ನ ತಂಗಿಯ ಮಗ ಚನ್ನೇಶನಿಗೆ ಕೇಳೋಣ ಎಂದು ಬಾಯಿ ತೆರೆದರೆ, ನೀನು ಊಟದ ತಟ್ಟೆ ಪಕ್ಕಕ್ಕಿಟ್ಟು, ಅವಳು ನನ್ನ ಜೊತೆ ಬಾಳುತ್ತಿರುವವಳು ಅಮ್ಮಾ, ನಾವಿಬ್ಬರೂ ಗಂಡಹೆಂಡಿರ ಹಾಗೆಯೇ ಎಂದೆ. ಅದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹೋಗುವಷ್ಟರಲ್ಲಿ ಇನ್ನೊಂದು ಬಾಂಬು ಹಾಕಿದೆ. ಸ್ಟಾಫ್ ರೂಮಿನಲ್ಲಿ ದಿನಕ್ಕೊಬ್ಬರು ಗಂಡು ತೋರಿಸುತ್ತಾರೆ, ಸುಳ್ಳು ಹೇಳಿ ಸಾಕಾಗಿದೆ, ಸೋಮವಾರದ ಮೀಟಿಂಗ್‌ನಲ್ಲಿ ಎಲ್ಲರೆದುರು ಹೇಳಿಬಿಡೋಣ ಅಂತಿದ್ದೇನೆ ಎಂದೆ. ಬೇಡ ಬೇಡ ಎನ್ನುತ್ತಾ ನಾನು ನಿನ್ನ ಹಿಂದೆ ಬೀದಿಯವರೆಗೂ ಬಂದೆ. ನೀನು ಬಸ್ಸು ಹತ್ತಿದೆ.

ಸರ್ಕಾರಿ ಕೆಲಸವಾಗಿದ್ದರೆ ಮಾತು ಬೇರೆ. ನಿನ್ನದು ಖಾಸಗಿ ಶಾಲೆ, ಆಡಳಿತ ಮಂಡಳಿಯವರಿಗೆ ಬೇಡವಾದರೆ ಅಂದೇ ಗಂಟುಮೂಟೆ. ಹತ್ತನೇ ಕ್ಲಾಸಿನ ಹೆಣ್ಣುಮಕ್ಕಳಿಗೆ ಸಂಜೆ ಗಣಿತ ಹೇಳಿಕೊಡುತ್ತೀ. ಯಾರಾದರೂ ಒಬ್ಬ ತಂದೆ ನಾಲಗೆ ಹರಿಬಿಟ್ಟರೆ? ನನಗಿರುವವಳು ನೀನೊಬ್ಬಳು. ಸೋಮವಾರ ಸಂಜೆ ನೀನು ಫೋನ್ ಎತ್ತಲಿಲ್ಲ. ಮುಗಿಯಿತು, ಹೇಳಿಬಿಟ್ಟಿದ್ದಾಳೆ ಎಂದುಕೊಂಡೆ.

ನಿನ್ನೆ ಸಂಜೆ ನೀನು ಫೋನ್ ಮಾಡಿ ಎಲ್ಲಿ ಹೋಗಿದ್ದೆ ಎಂದು ಕೇಳಿದಾಗ ಬ್ಯಾಂಕಿಗೆ ಎಂದೆನಲ್ಲ, ಅದು ಸುಳ್ಳು. ಸೊರಬಕ್ಕೆ ಬಂದಿದ್ದೆ. ನಿನ್ನ ಶಾಲೆಗೆ.

ನಾನು ಹೆಡ್‌ಮಿಸ್ಟ್ರೆಸ್ ಆಗಿದ್ದಾಗ, ನಮ್ಮ ಟೀಚರೊಬ್ಬರ ಮೇಲೆ ದೂರು ಬರುತ್ತದೆ ಎಂಬ ಸುಳಿವು ಸಿಕ್ಕರೆ ಸಾಕು, ಅದು ಕಾಗದಕ್ಕಿಳಿಯುವ ಮೊದಲೇ ಹೋಗಿ ಮೇಲಿನವರನ್ನು ಕಾಣುತ್ತಿದ್ದೆ. ಇದ್ದದ್ದನ್ನು ನಾನೇ ಮೊದಲು ಹೇಳಿ, ತಣ್ಣಗೆ ಮಾಡಿ ಬರುತ್ತಿದ್ದೆ. ಎಷ್ಟೋ ಜನರ ಕೆಲಸ ಹಾಗೆ ಉಳಿದಿದೆ. ಅದೇ ಅಭ್ಯಾಸದಲ್ಲಿ ನಿಮ್ಮ ಹೆಡ್‌ಮಾಸ್ಟರ್ ಭೀಮಣ್ಣನವರ ಎದುರು ಕುರ್ಚಿ ಎಳೆದು ಕೂತೆ. ಮೀಟಿಂಗ್‌ನಲ್ಲಿ ನನ್ನ ಮಗಳು ಹೇಳಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅವಳೂ ನೀಲಾಂಬಿಕಳೂ ಗಂಡಹೆಂಡಿರ ಹಾಗೆ ಬಾಳುತ್ತಿರಬಹುದು, ಪಾಠದಲ್ಲಿ ಒಂದು ದಿನವೂ ಕುಂದು ತಂದಿಲ್ಲ, ಕೆಲಸದಿಂದ ತೆಗೆಯಬೇಡಿ ಎಂದೆ. ಎಲ್ಲವನ್ನೂ ಹೇಳಿದೆ ನಯನಾ, ಹೆಸರು ಸಮೇತ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಮ್ಮಾರೇ, ಸೋಮವಾರ ಮೀಟಿಂಗೇ ಆಗ್ಲಿಲ್ಲ. ಮುಂದಿನ ವಾರಕ್ಕೆ ಹಾಕಿದೀವಿ. ನಯನ ಮೇಡಂ ನಂಗೆ ಏನೂ ಹೇಳಿಲ್ಲ ರೀ."

ಕುರ್ಚಿ ಸಮೇತ ನೆಲಕ್ಕಿಳಿದು ಹೋದ ಹಾಗಾಯಿತು ನನಗೆ. ನೀನು ತರಬೇತಿಗೆಂದು ಶಿವಮೊಗ್ಗಕ್ಕೆ ಹೋಗಿದ್ದೀ, ಗುರುವಾರ ಬರುತ್ತೀ ಎಂಬುದನ್ನೂ ಅವರ ಬಾಯಿಂದ ಕೇಳಿದೆ. ಹೇಳುವೆಯೋ ಬಿಡುವೆಯೋ, ಅದು ಇನ್ನೂ ನಿನ್ನ ಕೈಯಲ್ಲೇ ಇತ್ತು. ಬೇಡ ಬೇಡ ಎಂದ ನಾನೇ ಹೋಗಿ ಹೇಳಿದ್ದೆ. ಅಲ್ಲೇ, ಅವರೆದುರೇ ಅತ್ತುಬಿಟ್ಟೆ.

ಭೀಮಣ್ಣನವರು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಮಂಡಳಿಯವರು ಕೇಳಿದರೆ ಸುಳ್ಳು ಹೇಳಲಾರೆ, ಕೇಳದಿದ್ದರೆ ನಾನಾಗಿ ಬಾಯಿ ಬಿಡಲಾರೆ ಎಂದರು. ಕನ್ನಡಕ ಹಾಕಿಕೊಂಡು ಮತ್ತೆ ನನ್ನ ಕಡೆ ತಿರುಗಿದರು.

"ಇದನ್ನ ನಾನು ಕೇಳಿದೀನಿ ಅಂತ ಇಟ್ಕಳ್ಲಾ, ಕೇಳೇ ಇಲ್ಲ ಅಂತ ಇಟ್ಕಳ್ಲಾ? ನೀವು ಹೇಳ್ಬೇಡಿ. ಮೇಡಂ ಬಂದು ಹೇಳ್ಲಿ."

ಹಾಗಾಗಿ ನಾಳೆ ನೀನು ಶಾಲೆಗೆ ಕಾಲಿಡುವ ಮೊದಲು ಇದು ನಿನ್ನ ಕೈ ಸೇರಬೇಕು. ಅವರಿಗೆ ಏನು ಹೇಳುತ್ತೀಯೋ, ಮೀಟಿಂಗ್‌ನಲ್ಲಿ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು. ನಾನು ಬೇಡ ಎನ್ನುವುದಿಲ್ಲ, ಹೇಳು ಎಂದೂ ಅನ್ನುವುದಿಲ್ಲ. ಆ ಅಧಿಕಾರವನ್ನು ನಾನೇ ಕಳಕೊಂಡೆ. ಕೆಲಸ ಹೋದರೆ ಇಬ್ಬರೂ ಇಲ್ಲಿಗೆ ಬನ್ನಿ. ನಿಮ್ಮಿಬ್ಬರ ವಿಷಯ ನನಗೆ ಇನ್ನೂ ಅರಗಿಲ್ಲ, ಅರಗಿದೆ ಎಂದು ಸುಳ್ಳು ಬರೆಯಲಾರೆ. ಕೋಪ ಬಂದರೆ ಫೋನ್ ಮಾಡಿ ಬೈಯಿ. ಈ ಸಲ ಕೂಗಾಡುವುದಿಲ್ಲ.

ಗಾಬರಿಗೆಟ್ಟ ನಿನ್ನ ಅಮ್ಮ,
ಉಚ್ಚಂಗಮ್ಮ

ಇನ್ನೊಂದು ಮಾತು: ಇದನ್ನು ಅಂಟಿಸಿ ಚನ್ನೇಶನ ಕೈಯಲ್ಲೇ ಕಳಿಸುತ್ತಿದ್ದೇನೆ. ನೀಲಾಂಬಿಕಳಿಗೆ ಬೇರೆ ಕಡೆ ಸಂಬಂಧ ಗೊತ್ತಾಗಿದೆ ಎಂದಷ್ಟೇ ಅವನಿಗೆ ಹೇಳಿದ್ದೇನೆ. ನಿನ್ನೆ ಹೊರಡುವಾಗ ನಿಮ್ಮ ಟೀಚರೊಬ್ಬರು ಚಹಾ ಕೊಟ್ಟು, ನಿಮಗೆ ಎಷ್ಟು ಮಕ್ಕಳು ಎಂದು ಕೇಳಿದರು. ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಸೊರಬದಲ್ಲೇ ಇದ್ದಾರೆ ಎಂದುಬಿಟ್ಟೆ. ಬಸ್ಸು ಶಿರಾಳಕೊಪ್ಪ ದಾಟಿದರೂ, ಹಾಗೆಂದದ್ದು ನಾನೇ ಎಂದು ನನಗೆ ನಂಬಿಕೆ ಬರಲಿಲ್ಲ.